ಲ್ಯಾಪ್‌ಟಾಪ್: ಮೊದಲ ದಿನದ ಸಿದ್ಧತೆ, ದಿನನಿತ್ಯದ ಎಚ್ಚರ

ಮೇಜಿನ ಮೇಲಿಡುವ ಕಂಪ್ಯೂಟರಿನಲ್ಲಿ ಪರದೆ ಒಂದು ಕಡೆ, ಕೀಲಿಮಣೆ ಇನ್ನೊಂದು ಕಡೆ, ಶಾಖ ಉಗುಳುವ ಪ್ರೊಸೆಸರ್ ಮತ್ತು ಕಡತಗಳನ್ನು ಕೂಡಿಡುವ ಡಿಸ್ಕ್ ಕಾಲಬಳಿಯ ಪೆಟ್ಟಿಗೆಯಲ್ಲಿ, ಹೀಗೆ ಒಂದೊಂದಕ್ಕೂ ಅದರದೇ ಜಾಗವಿರುತ್ತದೆ. ಲ್ಯಾಪ್‌ಟಾಪ್ ಇವೆಲ್ಲವನ್ನೂ, ಜೊತೆಗೆ ಒಂದು ಬ್ಯಾಟರಿಯನ್ನೂ, ಎರಡು ಬೆರಳಿನಷ್ಟೂ ದಪ್ಪವಿಲ್ಲದ ಒಂದೇ ಮೈಯೊಳಗೆ ಅಡಕ ಮಾಡುತ್ತದೆ. ಅದರ ಸೌಕರ್ಯ ಹುಟ್ಟುವುದು ಈ ಒತ್ತೊತ್ತಾದ ಜೋಡಣೆಯಿಂದ. ಅದರ ಅಪಾಯಗಳು ಹುಟ್ಟುವುದೂ ಅಲ್ಲಿಂದಲೇ. ಶಾಖ ಹೊರಹೋಗಲು ಜಾಗ ಕಿರಿದು, ಚೆಲ್ಲಿದ ನೀರು ಕೀಲಿಮಣೆಯ ಸಂದಿಯಿಂದ ನೇರವಾಗಿ ಮದರ್‌ಬೋರ್ಡಿಗೆ (ಎಲ್ಲ ಭಾಗಗಳನ್ನು ಜೋಡಿಸುವ ಮುಖ್ಯ ಸರ್ಕ್ಯೂಟ್ ಹಲಗೆಗೆ) ಇಳಿಯುತ್ತದೆ, ಪರದೆಯೂ ಕೀಲಿಮಣೆಯೂ ಬೆಸೆದುಕೊಂಡಿರುವುದರಿಂದ ಕುತ್ತಿಗೆಯೋ ತೋಳೋ ಒಂದು ಬಳಲಲೇಬೇಕು, ಮತ್ತು ಯಂತ್ರ ಕೈತಪ್ಪಿದರೆ ಅದರೊಡನೆ ಅದರಲ್ಲಿದ್ದ ದಾಖಲೆಗಳೆಲ್ಲ ಕೈತಪ್ಪುತ್ತವೆ. ಲ್ಯಾಪ್‌ಟಾಪಿನ ಸುರಕ್ಷತೆಯ ಬಗ್ಗೆ ಹೇಳುವ ಬಹುತೇಕ ನಿಯಮಗಳು ಈ ಒಂದು ಮೂಲದಿಂದಲೇ ಬರುವುದರಿಂದ, ಕಾರಣ ತಿಳಿದವರಿಗೆ ನಿಯಮಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ.

ಹೊಸ ಯಂತ್ರವನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ ಗುಂಡಿ ಒತ್ತಬೇಕೆನಿಸುವುದು ಸಹಜ. ಆದರೆ ಅದು ತಣ್ಣನೆಯ ಗೋದಾಮಿನಿಂದಲೋ ವಾಹನದಿಂದಲೋ ಬೆಚ್ಚನೆಯ ಕೋಣೆಗೆ ಬಂದಿದ್ದರೆ, ತಂಪು ನೀರಿನ ಲೋಟದ ಹೊರಮೈಯಲ್ಲಿ ಹನಿ ಕಟ್ಟುವಂತೆ ಅದರ ಒಳಗೂ ಕಣ್ಣಿಗೆ ಕಾಣದ ತೇವ ಕಟ್ಟಬಹುದು. ಕೋಣೆಯ ಉಷ್ಣತೆಗೆ ಹೊಂದಿಕೊಳ್ಳುವವರೆಗೆ ಒಂದೆರಡು ಗಂಟೆ ಅದನ್ನು ಹಾಗೆಯೇ ಬಿಡುವುದು ಒಳ್ಳೆಯದು. ಆ ಬಿಡುವಿನಲ್ಲಿ ಅಡಾಪ್ಟರಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಬಹುದು. ಇನ್‌ಪುಟ್ ಎಂಬ ಸಾಲಿನಲ್ಲಿ 100ರಿಂದ 240 ವೋಲ್ಟ್, 50ರಿಂದ 60 ಹರ್ಟ್ಸ್ ಎಂದಿದ್ದರೆ ಆ ಅಡಾಪ್ಟರ್ ಹೆಚ್ಚುಕಡಿಮೆ ಎಲ್ಲ ದೇಶಗಳ ಗೃಹಬಳಕೆಯ ವಿದ್ಯುತ್ತಿಗೂ ಹೊಂದುತ್ತದೆ. ಬದಲಾಗಬೇಕಾದದ್ದು ಪಿನ್ನಿನ ಆಕಾರ ಮಾತ್ರ. ಔಟ್‌ಪುಟ್ ಎಂಬ ಸಾಲು ಇನ್ನೂ ಮುಖ್ಯವಾದದ್ದು. ಮುಂದೊಂದು ದಿನ ಬೇರೆ ಚಾರ್ಜರ್ ಕೊಳ್ಳಬೇಕಾಗಿ ಬಂದಾಗ ಅದರ ವೋಲ್ಟೇಜ್ ಯಂತ್ರ ಕೇಳುವಷ್ಟೇ ಇರಬೇಕು, ಆಂಪಿಯರ್ ಮಾತ್ರ ಕೇಳುವಷ್ಟೋ ಅದಕ್ಕಿಂತ ಹೆಚ್ಚೋ ಇರಬಹುದು. ಹೆಚ್ಚು ವೋಲ್ಟೇಜನ್ನು ಯಂತ್ರದ ಮೇಲೆ ಹೇರಿದಂತಾಗುತ್ತದೆ, ಕರೆಂಟನ್ನಾದರೋ ಯಂತ್ರ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ.

ಯುಎಸ್‌ಬಿ ಟೈಪ್-ಸಿ ಮೂಲಕ ಚಾರ್ಜ್ ಆಗುವ ಯಂತ್ರಗಳಲ್ಲಿ ಈ ಲೆಕ್ಕವನ್ನು ಚಾರ್ಜರ್ ಮತ್ತು ಲ್ಯಾಪ್‌ಟಾಪ್ ತಾವೇ ಮಾತಾಡಿಕೊಂಡು ತೀರ್ಮಾನಿಸುತ್ತವೆ. ಮೊದಲು 5 ವೋಲ್ಟ್ ಮಾತ್ರ ಹರಿಯುತ್ತದೆ. ಎರಡೂ ಬದಿ ಒಪ್ಪಿದ ಮೇಲೆ ಅದು 9, 15 ಅಥವಾ 20 ವೋಲ್ಟಿಗೆ ಏರುತ್ತದೆ. 2021ರಲ್ಲಿ ಪರಿಷ್ಕೃತಗೊಂಡ ಮಾನದಂಡದ ಪ್ರಕಾರ ಇದು 48 ವೋಲ್ಟ್, 240 ವ್ಯಾಟ್‌ವರೆಗೂ ಹೋಗಬಹುದು. ಇಷ್ಟು ವಿದ್ಯುತ್ತನ್ನು ಹೊರುವ ಕೇಬಲ್ಲೂ ಯೋಗ್ಯವಾಗಿರಬೇಕು. 3 ಆಂಪಿಯರ್‌ಗಿಂತ ಹೆಚ್ಚು ಕರೆಂಟ್ ಸಾಗಿಸುವ ಟೈಪ್-ಸಿ ಕೇಬಲ್ಲಿನೊಳಗೆ ತನ್ನ ಸಾಮರ್ಥ್ಯವನ್ನು ತಿಳಿಸುವ ಪುಟ್ಟ ಚಿಪ್ ಒಂದು ಇರಲೇಬೇಕೆಂಬುದು ನಿಯಮ. ನೋಡಲು ಒಂದೇ ತೆರನಾದ ಎರಡು ಕೇಬಲ್‌ಗಳಲ್ಲಿ ಒಂದು ಲ್ಯಾಪ್‌ಟಾಪನ್ನು ಬೇಗ ತುಂಬಿಸಿ ಇನ್ನೊಂದು ನಿಧಾನಿಸುವುದಕ್ಕೆ ಬಹಳ ಸಲ ಇದೇ ಕಾರಣ. ಮಾನದಂಡವನ್ನು ಪಾಲಿಸದ ಕೇಬಲ್ಲಿನಿಂದ ಉಳಿಯುವ ಹಣ ಅಲ್ಪ, ಅದು ತರಬಹುದಾದ ನಷ್ಟ ದೊಡ್ಡದು.

ಲೋಹದ ಮೈಯ ಲ್ಯಾಪ್‌ಟಾಪನ್ನು ಚಾರ್ಜ್ ಮಾಡುವಾಗ ಅಂಗೈಗೆ ಸಣ್ಣಗೆ ಜುಮ್ಮೆನಿಸುವ ಅನುಭವ ಅನೇಕರಿಗೆ ಆಗುತ್ತದೆ. ಅಡಾಪ್ಟರಿನೊಳಗೆ ವಿದ್ಯುತ್ತಿನ ಗದ್ದಲವನ್ನು ತಗ್ಗಿಸಲೆಂದು ಇಟ್ಟ ಕೆಪಾಸಿಟರ್‌ಗಳ ಮೂಲಕ ತೀರಾ ಅಲ್ಪ ಕರೆಂಟ್ ಸೋರುವುದರಿಂದ ಹೀಗಾಗುತ್ತದೆ. ಎರಡು ಪಿನ್ನಿನ ಅಡಾಪ್ಟರಿನಲ್ಲಿ ಅದಕ್ಕೆ ಭೂಮಿಗೆ ಇಳಿಯುವ ದಾರಿ ಇಲ್ಲದ್ದರಿಂದ ಅದು ಮುಟ್ಟಿದವರ ಮೂಲಕ ಇಳಿಯುತ್ತದೆ. ಸುಸ್ಥಿತಿಯಲ್ಲಿರುವ ಅಡಾಪ್ಟರಿನಲ್ಲಿ ಇದು ಅಪಾಯಕಾರಿಯಲ್ಲ. ಆದರೆ ಮೂರು ಪಿನ್ನಿನ ಅಡಾಪ್ಟರನ್ನು ಅರ್ಥಿಂಗ್ ಇರುವ ಸಾಕೆಟ್ಟಿಗೆ ಸಿಕ್ಕಿಸಿದಾಗಲೂ ಹಾಗೆ ಆಗುತ್ತಿದ್ದರೆ, ಆ ಸಾಕೆಟ್ಟಿನ ಅರ್ಥಿಂಗನ್ನು ಎಲೆಕ್ಟ್ರೀಷಿಯನ್ ಒಬ್ಬರಿಂದ ಪರೀಕ್ಷೆ ಮಾಡಿಸಬೇಕು. ಜುಮ್ಮೆನ್ನುವುದನ್ನು ಮೀರಿ ಹೊಡೆತವೆನಿಸಿದರೆ ಆ ಅಡಾಪ್ಟರನ್ನು ಬಳಸುವುದನ್ನೇ ನಿಲ್ಲಿಸಬೇಕು. ಗುಡುಗು ಮಿಂಚಿನ ಹೊತ್ತಿನಲ್ಲಿ ಪ್ಲಗ್ ಕಿತ್ತಿಡುವುದೇ ಸರಿಯಾದ ರಕ್ಷಣೆ. ಸರ್ಜ್ ಪ್ರೊಟೆಕ್ಟರ್ ಸಣ್ಣ ಏರಿಳಿತಗಳನ್ನು ತಡೆಯುತ್ತದೆಯಾದರೂ ಪ್ರತಿ ಹೊಡೆತಕ್ಕೂ ತಾನೇ ಸ್ವಲ್ಪ ಸ್ವಲ್ಪ ಸವೆಯುತ್ತಾ ಹೋಗುತ್ತದೆ, ಹತ್ತಿರದಲ್ಲಿ ಬಿದ್ದ ಸಿಡಿಲಿನ ಮುಂದೆ ಅದು ನಿಲ್ಲುವುದೂ ಇಲ್ಲ.

ಯಂತ್ರ ಚಾಲೂ ಆದ ಮೇಲಿನ ಮೊದಲ ಕೆಲಸ ಅಪ್‌ಡೇಟ್. ಪೆಟ್ಟಿಗೆಯಲ್ಲಿ ಬಂದ ತಂತ್ರಾಂಶ ಅದು ತಯಾರಾದ ದಿನದ್ದು. ಆ ದಿನದಿಂದ ಈಚೆಗೆ ಪತ್ತೆಯಾದ ದೋಷಗಳೆಲ್ಲ ಅದರಲ್ಲಿ ಹಾಗೆಯೇ ಉಳಿದಿರುತ್ತವೆ. ಅಪ್‌ಡೇಟನ್ನು ಮುಂದೂಡುವುದರಿಂದ ಏನಾಗಬಹುದೆಂಬುದಕ್ಕೆ ವನ್ನಾಕ್ರೈಗಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ವಿಂಡೋಸಿನಲ್ಲಿದ್ದ ಒಂದು ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ಪರಿಹಾರ ಬಿಡುಗಡೆ ಮಾಡಿತ್ತು. ಅದೇ ದೋಷವನ್ನು ಬಳಸಿಕೊಂಡ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಮೇ 12ರಂದು ಹರಡಲಾರಂಭಿಸಿ, 150ಕ್ಕೂ ಹೆಚ್ಚು ದೇಶಗಳಲ್ಲಿ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳ ಭೇಟಿಗಳನ್ನು ರದ್ದುಪಡಿಸಬೇಕಾಯಿತು. ಎರಡು ತಿಂಗಳ ಹಿಂದೆ ಬಂದಿದ್ದ ಅಪ್‌ಡೇಟನ್ನು ಹಾಕಿಕೊಂಡಿದ್ದ ಯಂತ್ರಗಳಿಗೆ ಅದು ಆ ದಾರಿಯಿಂದ ನುಗ್ಗಲಾಗಲಿಲ್ಲ. ಹಾಗಾಗಿ ಸ್ವಯಂಚಾಲಿತ ಅಪ್‌ಡೇಟನ್ನು ಆನ್ ಮಾಡಿಟ್ಟು, ಅದು ಮರುಚಾಲನೆ ಕೇಳಿದಾಗ ದಿನಗಟ್ಟಲೆ ತಳ್ಳದಿರುವುದು ಲೇಸು. ಹಳೆಯ ಯಂತ್ರ ಕೊಳ್ಳುವವರು ಇನ್ನೊಂದು ಸಂಗತಿಯನ್ನು ನೋಡಬೇಕು. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ, ಅಂದರೆ ಎಲ್ಲರಿಗೂ ಅಪ್‌ಡೇಟ್ ಬರುವ ವ್ಯವಸ್ಥೆ, 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸ ಆವೃತ್ತಿಗೆ ಏರಲಾರದ ಯಂತ್ರದಲ್ಲಿ ವಿಂಡೋಸಿನ ಬದಲು ಬಳಸಬಹುದಾದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಬೆಂಬಲವಿರುವ ಆವೃತ್ತಿಯೊಂದನ್ನು ಹಾಕಿಕೊಳ್ಳುವ ದಾರಿ ಇದ್ದೇ ಇದೆ.

ಮುಂದಿನ ಹೆಜ್ಜೆ ಡಿಸ್ಕಿನ ಎನ್‌ಕ್ರಿಪ್ಶನ್, ಅಂದರೆ ಕೀ ಇಲ್ಲದವರು ಓದಲಾಗದಂತೆ ಕಡತಗಳನ್ನು ಸಂಕೇತವಾಗಿ ಬದಲಿಸುವುದು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ನನ್ನ ಅಭಿಪ್ರಾಯದಲ್ಲಿ ಹೊತ್ತೊಯ್ಯುವ ಯಂತ್ರಕ್ಕೆ ಅದಕ್ಕಿಂತ ಮುಖ್ಯವಾದದ್ದಿಲ್ಲ. ಲಾಗಿನ್ ಪಾಸ್‌ವರ್ಡ್ ಇದ್ದ ಮಾತ್ರಕ್ಕೆ ಕಡತಗಳು ಭದ್ರವೆಂದು ನಾವು ನಂಬುತ್ತೇವೆ. ವಾಸ್ತವದಲ್ಲಿ ಆ ಪಾಸ್‌ವರ್ಡ್ ಮನೆಯ ಮುಂಬಾಗಿಲನ್ನು ಕಾಯುತ್ತದೆ, ಅಷ್ಟೇ. ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ, ಇಲ್ಲವೇ ಪೆನ್‌ಡ್ರೈವಿನಿಂದ ಬೇರೊಂದು ಆಪರೇಟಿಂಗ್ ಸಿಸ್ಟಂ ಚಾಲೂ ಮಾಡಿದರೆ, ಕಡತಗಳು ಯಾವ ಪಾಸ್‌ವರ್ಡೂ ಇಲ್ಲದೆ ತೆರೆದುಕೊಳ್ಳಬಹುದು. ಇಡೀ ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಿದ್ದರೆ ಕಳ್ಳನಿಗೆ ದಕ್ಕುವುದು ಅರ್ಥವಿಲ್ಲದ ಅಂಕಿಗಳ ರಾಶಿ. ವಿಂಡೋಸಿನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್, ಲಿನಕ್ಸಿನಲ್ಲಿ ಲಕ್ಸ್ ಎಂಬ ಹೆಸರಿನಿಂದ ಈ ಸೌಲಭ್ಯ ಸಿಗುತ್ತದೆ. ಇದರೊಂದಿಗೆ ಬರುವ ರಿಕವರಿ ಕೀಯನ್ನು, ಅಂದರೆ ಡಿಸ್ಕನ್ನು ತೆರೆಯುವ ಬದಲಿ ಕೀಲಿಯನ್ನು, ಲಘುವಾಗಿ ಕಾಣಬಾರದು. ಬಿಟ್‌ಲಾಕರ್‌ನಲ್ಲಿ ಅದು 48 ಅಂಕಿಗಳ ಸಂಖ್ಯೆ. ಯಂತ್ರದ ಭಾಗವೊಂದನ್ನು ಬದಲಿಸಿದಾಗ ಇಲ್ಲವೇ ಫರ್ಮ್‌ವೇರ್ (ಯಂತ್ರದ ಚಿಪ್‌ಗಳಲ್ಲೇ ಕೂತಿರುವ ಮೂಲ ತಂತ್ರಾಂಶ) ಅಪ್‌ಡೇಟ್ ಆದಾಗ ಅದನ್ನು ಕೇಳಬಹುದು, ಆಗ ಅದು ಸಿಗದಿದ್ದರೆ ಕಡತಗಳು ಯಜಮಾನನಿಗೂ ಇಲ್ಲವಾಗುತ್ತವೆ. ಅದನ್ನು ಕಾಗದದಲ್ಲಿ ಬರೆದು ಲ್ಯಾಪ್‌ಟಾಪಿನ ಚೀಲದಿಂದ ದೂರವಾದ, ಭದ್ರವಾದ ಜಾಗದಲ್ಲಿ ಇಡಬೇಕು.

ಖಾತೆಗಳ ವಿಷಯವನ್ನು ಚಿಕ್ಕದಾಗಿ ಹೇಳಬಹುದು. ದಿನನಿತ್ಯದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಅಧಿಕಾರವಿಲ್ಲದ ಸಾಮಾನ್ಯ ಖಾತೆಯನ್ನು ಬಳಸಿದರೆ, ತಪ್ಪಿ ಒತ್ತಿದ ಕೊಂಡಿಯಿಂದ ಒಳಬಂದ ತಂತ್ರಾಂಶವೂ ಇಡೀ ವ್ಯವಸ್ಥೆಯನ್ನು ಸುಲಭವಾಗಿ ತಿದ್ದಲಾರದು. ಪಾಸ್‌ವರ್ಡಿನ ಬಲ ಅದರ ಉದ್ದದಲ್ಲಿದೆ; ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳ ಸಾಲು ನೆನಪಿಡಲು ಸುಲಭ, ಊಹಿಸಲು ಕಷ್ಟ. ಇಮೇಲ್ ಖಾತೆಗೆ ಎರಡು ಹಂತದ ದೃಢೀಕರಣವನ್ನು (ಪಾಸ್‌ವರ್ಡಿನ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ) ಮೊದಲ ದಿನವೇ ಹಾಕಬೇಕು, ಏಕೆಂದರೆ ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿಗಳೆಲ್ಲ ಬಂದು ಸೇರುವುದು ಅಲ್ಲಿಗೇ. ವೈರಸ್ ತಡೆಗೆ ವಿಂಡೋಸಿನೊಡನೆ ಬರುವ ಡಿಫೆಂಡರ್ ಹೆಚ್ಚಿನವರಿಗೆ ಸಾಕು. ವೈರಸ್ ಹೊಕ್ಕಿದೆ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ ಎಂದು ಪರದೆಯ ತುಂಬ ಕಾಣಿಸಿಕೊಳ್ಳುವ ಎಚ್ಚರಿಕೆ ಮಾತ್ರ ವಂಚನೆಯೇ. ಯಾವ ಆಪರೇಟಿಂಗ್ ಸಿಸ್ಟಮ್ಮೂ ಬಳಕೆದಾರರನ್ನು ಹಾಗೆ ಕರೆಯುವುದಿಲ್ಲ.

ಬ್ಯಾಕಪ್ಪಿನ ಬಗ್ಗೆ ತಂತ್ರಜ್ಞರು ಹೇಳುವ ಸೂತ್ರ ಮೂರು-ಎರಡು-ಒಂದು: ಕಡತದ ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳಲ್ಲಿ, ಅವುಗಳಲ್ಲಿ ಒಂದಾದರೂ ಬೇರೆ ಸ್ಥಳದಲ್ಲಿ. ಲ್ಯಾಪ್‌ಟಾಪಿನಲ್ಲಿರುವ ಮೂಲ, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು ಪ್ರತಿ, ಕ್ಲೌಡ್‌ನಲ್ಲಿ (ಅಂತರಜಾಲದ ಮೂಲಕ ಸಿಗುವ ದೂರದ ಸಂಗ್ರಹದಲ್ಲಿ) ಇನ್ನೊಂದು ಎಂದಾದರೆ ಸೂತ್ರ ಪೂರ್ತಿಯಾಯಿತು. ಹೊರಗಿನ ಡಿಸ್ಕನ್ನು ಬ್ಯಾಕಪ್ ಮುಗಿದ ಮೇಲೆ ಕಳಚಿಡಬೇಕು, ಇಲ್ಲವಾದರೆ ಸುಲಿಗೆ ತಂತ್ರಾಂಶ ಅದಕ್ಕೂ ಬೀಗ ಹಾಕುತ್ತದೆ. ವರ್ಷಕ್ಕೆ ಒಂದೆರಡು ಸಲವಾದರೂ ಬ್ಯಾಕಪ್ಪಿನಿಂದ ಒಂದು ಕಡತವನ್ನು ಮರಳಿ ತೆರೆದು ನೋಡುವುದು ಒಳ್ಳೆಯದು; ತೆರೆಯದ ಪ್ರತಿಯನ್ನು ಪ್ರತಿಯೆಂದು ನಂಬುವಂತಿಲ್ಲ.

ಇನ್ನು ಬ್ಯಾಟರಿ. ಇಂದಿನ ಲ್ಯಾಪ್‌ಟಾಪುಗಳಲ್ಲಿರುವ ಲಿಥಿಯಂ-ಅಯಾನ್ ಬ್ಯಾಟರಿಯನ್ನು 1991ರಲ್ಲಿ ಸೋನಿ ಮೊದಲ ಬಾರಿಗೆ ಮಾರುಕಟ್ಟೆಗೆ ತಂದಿತು. ಅದರ ಹಿಂದಿನ ಸಂಶೋಧನೆಗಾಗಿ ಜಾನ್ ಗುಡೆನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೋ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಅದರ ಪ್ರತಿ ಸೆಲ್ಲಿನಲ್ಲಿ ಧನ ಮತ್ತು ಋಣ ತಗಡುಗಳ ನಡುವೆ ತಲೆಗೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆಯೊಂದು ಇರುತ್ತದೆ, ಸುತ್ತ ಹೊತ್ತಿಕೊಳ್ಳಬಲ್ಲ ದ್ರವವಿರುತ್ತದೆ. ಆ ಹಾಳೆ ಹರಿದು ಎರಡು ತಗಡುಗಳು ಕೂಡಿಕೊಂಡರೆ ಒಳಗೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಹುಟ್ಟಿದ ಶಾಖ ಇನ್ನಷ್ಟು ರಾಸಾಯನಿಕ ಕ್ರಿಯೆಗಳನ್ನು ಎಬ್ಬಿಸುತ್ತದೆ, ಅವು ಇನ್ನಷ್ಟು ಶಾಖವನ್ನು. ಹೊರಗಿನಿಂದ ತಡೆಯಲಾಗದಂತೆ ತನ್ನಷ್ಟಕ್ಕೆ ಏರುವ ಈ ಸರಪಳಿಯೇ ಬ್ಯಾಟರಿಗಳ ಬೆಂಕಿಗೆ ಮೂಲ. 2006ರಲ್ಲಿ ಸೋನಿ ತಯಾರಿಸಿದ ಸೆಲ್ಲುಗಳೊಳಗೆ ಲೋಹದ ಸೂಕ್ಷ್ಮ ಕಣಗಳು ಉಳಿದುಕೊಂಡು ಇಂಥದೇ ಶಾರ್ಟ್ ಸರ್ಕ್ಯೂಟಿಗೆ ಎಡೆಮಾಡಬಹುದೆಂದು ಗೊತ್ತಾದಾಗ, ಡೆಲ್ ಕಂಪನಿಯೊಂದೇ ಸುಮಾರು 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತ್ತು. ತಯಾರಿಕೆಯ ಶಿಸ್ತು ಮತ್ತು ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟುಗಳ ದೆಸೆಯಿಂದ ಇಂಥ ಅವಘಡ ವಿರಳ. ಬಳಸುವವರ ಪಾಲಿನ ಜವಾಬ್ದಾರಿ ಮೂರೇ: ಬೀಳಿಸಿ ಜಜ್ಜದಿರುವುದು, ಕಾಯಿಸದಿರುವುದು, ಹೊಂದದ ಚಾರ್ಜರ್ ಹಾಕದಿರುವುದು.

ಬ್ಯಾಟರಿಯ ಆಯುಷ್ಯವನ್ನು ಕುಗ್ಗಿಸುವುದು ಎರಡು ಸ್ಥಿತಿಗಳು: ಹೆಚ್ಚಿನ ಉಷ್ಣತೆ, ಹೆಚ್ಚಿನ ಚಾರ್ಜ್. ಸಾಮಾನ್ಯ ಸೆಲ್ಲೊಂದು ಪೂರ್ತಿ ತುಂಬಿದಾಗ ಸುಮಾರು 4.2 ವೋಲ್ಟ್ ತಲುಪುತ್ತದೆ, ಆ ತುಂಬು ಒತ್ತಡದಲ್ಲಿ ಬೆಚ್ಚಗಿದ್ದುಕೊಂಡು ತಿಂಗಳುಗಟ್ಟಲೆ ಕಳೆಯುವುದೇ ಅದಕ್ಕೆ ಅತಿ ಕಷ್ಟ. ಸದಾ ಪ್ಲಗ್ಗಿನಲ್ಲಿಟ್ಟು ಕೆಲಸ ಮಾಡುವವರಿಗಾಗಿ ಬಹಳಷ್ಟು ತಯಾರಕರು ಚಾರ್ಜನ್ನು 80 ಪ್ರತಿಶತಕ್ಕೆ ನಿಲ್ಲಿಸುವ ಆಯ್ಕೆ ಕೊಟ್ಟಿರುತ್ತಾರೆ. ಅದನ್ನು ಹುಡುಕಿ ಆನ್ ಮಾಡುವುದು ಮೊದಲ ದಿನದ ಕೆಲಸಗಳಲ್ಲಿ ಒಂದಾಗಬೇಕು. ವಾರಗಟ್ಟಲೆ ಬಳಸದೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ, ತಂಪಾದ ಒಣ ಜಾಗದಲ್ಲಿ ಇಡಬೇಕು. ಬ್ಯಾಟರಿಯನ್ನು ಪ್ರತಿ ಸಲವೂ ಪೂರ್ತಿ ಬರಿದು ಮಾಡಿಯೇ ಚಾರ್ಜ್ ಮಾಡಬೇಕೆಂಬ ಮಾತು ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು, ಲಿಥಿಯಂ ಬ್ಯಾಟರಿಗೆ ಅದರಿಂದ ಹಾನಿಯೇ ಹೆಚ್ಚು. ಶೂನ್ಯ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿ ತಗಡಿನ ಮೇಲೆ ಕೂರುತ್ತದೆ, ಆ ಹಾನಿ ಮರಳಿ ಸರಿಹೋಗುವುದಿಲ್ಲ.

ಒಂದು ಲಕ್ಷಣವನ್ನು ಎಲ್ಲರೂ ಗುರುತಿಸುವಂತಾಗಬೇಕೆಂಬುದು ನನ್ನ ಆಸೆ. ಟಚ್‌ಪ್ಯಾಡ್ ಉಬ್ಬಿದಂತಾಗುವುದು, ಅದನ್ನು ಒತ್ತಿದರೆ ಕೆಳಗಿಳಿಯದಿರುವುದು, ಸಮತಟ್ಟಾದ ಮೇಜಿನ ಮೇಲೆ ಲ್ಯಾಪ್‌ಟಾಪ್ ಅಲುಗಾಡುವುದು, ಮುಚ್ಚಿದಾಗ ಅಂಚಿನಲ್ಲಿ ಸಂದಿ ಕಾಣುವುದು, ಇವೆಲ್ಲ ಬ್ಯಾಟರಿ ಊದಿಕೊಂಡಿರುವುದರ ಸೂಚನೆಗಳು. ಒಳಗಿನ ದ್ರವ ಒಡೆದು ಅನಿಲವಾದಾಗ ಹೀಗಾಗುತ್ತದೆ. ಆ ಕ್ಷಣವೇ ಚಾರ್ಜರ್ ಕಿತ್ತು, ಯಂತ್ರವನ್ನು ಪೂರ್ತಿ ಆಫ್ ಮಾಡಿ, ಬಟ್ಟೆ ಕಾಗದಗಳಿಂದ ದೂರವಿಟ್ಟು, ಅಧಿಕೃತ ಸೇವಾಕೇಂದ್ರಕ್ಕೆ ಒಯ್ಯಬೇಕು. ಉಬ್ಬನ್ನು ಒತ್ತಿ ಕೂರಿಸುವುದು, ಅನಿಲ ಹೋಗಲೆಂದು ಚುಚ್ಚುವುದು ಎಂದಿಗೂ ಕೂಡದು. ಆ ತೆಳು ಹಾಳೆಯನ್ನು ನಾವೇ ಹರಿದಂತಾಗುತ್ತದೆ.

ಶಾಖದ ವಿಷಯಕ್ಕೆ ಬಂದರೆ, ಹೆಚ್ಚಿನ ಲ್ಯಾಪ್‌ಟಾಪುಗಳು ತಳದಿಂದ ಗಾಳಿಯನ್ನು ಎಳೆದು ಹಿಂದಿನಿಂದಲೋ ಬದಿಯಿಂದಲೋ ಹೊರಬಿಡುತ್ತವೆ. ಹಾಸಿಗೆ, ದಿಂಬು, ಹೊದಿಕೆಗಳ ಮೇಲಿಟ್ಟಾಗ ತಳದ ಕಿಂಡಿಗಳು ಮುಚ್ಚಿಹೋಗುತ್ತವೆ. ಪ್ರೊಸೆಸರ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತಿದ್ದಂತೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು ಬದುಕಿಕೊಳ್ಳುತ್ತದೆ. ಪಕ್ಕದಲ್ಲೇ ಇರುವ ಬ್ಯಾಟರಿಗೆ ಆ ಅನುಕೂಲವಿಲ್ಲ, ಅದು ಸುಮ್ಮನೆ ಬಿಸಿಯಾಗುತ್ತಾ ಮುಪ್ಪಾಗುತ್ತದೆ. ಗಟ್ಟಿಯಾದ, ಸಮತಟ್ಟಾದ ಯಾವ ಮೇಲ್ಮೈಯಾದರೂ ಸಾಕು. ಓಡುತ್ತಿರುವ ಯಂತ್ರವನ್ನು ಚೀಲದೊಳಗೆ ತುರುಕುವುದು ಹಾಸಿಗೆಗಿಂತಲೂ ಕೆಟ್ಟದ್ದು, ಸ್ಲೀಪ್ ಸ್ಥಿತಿಯಲ್ಲಿರುವ ಯಂತ್ರವೂ ಅಪ್‌ಡೇಟಿಗೆಂದು ಎಚ್ಚರಗೊಂಡು ಒಳಗೇ ಕಾದುಹೋಗುವುದುಂಟು. ಪ್ರಯಾಣಕ್ಕೆ ಮುನ್ನ ಪೂರ್ತಿ ಆಫ್ ಮಾಡಬೇಕು. ಹೆಸರಿನಲ್ಲೇ ಲ್ಯಾಪ್ ಇದ್ದರೂ ಇದನ್ನು ಗಂಟೆಗಟ್ಟಲೆ ತೊಡೆಯ ಮೇಲೆ ಇಟ್ಟುಕೊಳ್ಳುವುದು ಸಲ್ಲ. ಸುಡುವಷ್ಟಲ್ಲದ ಶಾಖವೂ ದಿನದಿನ ಒಂದೇ ಜಾಗಕ್ಕೆ ತಾಗಿದರೆ ಚರ್ಮದ ಮೇಲೆ ಬಲೆಯಂಥ ಕೆಂಗಂದು ಗುರುತು ಮೂಡುತ್ತದೆ. ವೈದ್ಯರು ಇದನ್ನು ಎರಿಥೀಮಾ ಅಬ್ ಇಗ್ನೆ ಎನ್ನುತ್ತಾರೆ. ಹಿಂದೆ ಇದು ಬೆಂಕಿಯ ಮುಂದೆ ಬಹಳ ಹೊತ್ತು ಕೂರುವವರಲ್ಲಿ ಕಾಣುತ್ತಿದ್ದ ತೊಂದರೆ.

ದೇಹದ ಭಂಗಿಯಲ್ಲಿ ಲ್ಯಾಪ್‌ಟಾಪ್ ಒಡ್ಡುವ ಸಮಸ್ಯೆಗೆ ಅದರ ಒಳಗೇ ಪರಿಹಾರವಿಲ್ಲ. ಕೀಲಿಮಣೆ ಮೊಣಕೈಯ ಎತ್ತರದಲ್ಲಿದ್ದರೆ ಪರದೆ ತಗ್ಗಾಗಿ ಕುತ್ತಿಗೆ ಬಾಗುತ್ತದೆ. ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸಿದರೆ ಕೈಗಳು ಗಾಳಿಯಲ್ಲಿ ತೇಲಬೇಕು. ವಯಸ್ಕರ ತಲೆ ಸುಮಾರು 5 ಕಿಲೋ ತೂಗುತ್ತದೆ, ಅದು ಮುಂದಕ್ಕೆ ಬಾಗಿದಷ್ಟೂ ಕುತ್ತಿಗೆಯ ಹಿಂಭಾಗದ ಸ್ನಾಯುಗಳು ಹೆಚ್ಚು ಬಲದಿಂದ ಎಳೆದು ಹಿಡಿಯಬೇಕಾಗುತ್ತದೆ. ದಿನಕ್ಕೆ ಒಂದೆರಡು ಗಂಟೆಗಿಂತ ಹೆಚ್ಚು ಕೆಲಸ ಮಾಡುವವರು ಬೆಸೆದಿರುವ ಆ ಎರಡನ್ನು ಬೇರ್ಪಡಿಸಲೇಬೇಕು: ಲ್ಯಾಪ್‌ಟಾಪನ್ನು ಸ್ಟ್ಯಾಂಡಿನ ಮೇಲೋ ದಪ್ಪ ಪುಸ್ತಕಗಳ ಮೇಲೋ ಏರಿಸಿ, ಬೇರೆ ಕೀಲಿಮಣೆ ಮತ್ತು ಮೌಸನ್ನು ಜೋಡಿಸಿಕೊಳ್ಳಬೇಕು. ಪುಸ್ತಕಗಳನ್ನು ಜೋಡಿಸುವಾಗ ತಳದ ಕಿಂಡಿಗಳು ಮುಚ್ಚದಂತೆ ನೋಡಿಕೊಳ್ಳಬೇಕು. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲೋ ಸ್ವಲ್ಪ ಕೆಳಗೋ, ಒಂದು ತೋಳಿನಳತೆಯ ದೂರದಲ್ಲಿ. ಮೊಣಕೈಗಳು ಲಂಬಕೋನಕ್ಕೆ ಹತ್ತಿರ, ಮಣಿಕಟ್ಟು ನೇರ, ಪಾದಗಳು ನೆಲಕ್ಕೆ ಊರಿರಬೇಕು. ಕಿಟಕಿ ಪರದೆಯ ಹಿಂದೆಯೂ ಬೇಡ, ಎದುರೂ ಬೇಡ, ಬದಿಯಲ್ಲಿದ್ದರೆ ಕಣ್ಣಿಗೆ ಹಿತ. ಪರದೆಯನ್ನು ದಿಟ್ಟಿಸುವಾಗ ನಾವು ಕಣ್ಣು ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಅದಕ್ಕೆ ನೇತ್ರತಜ್ಞರು ಸೂಚಿಸುವುದು 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ಅಭ್ಯಾಸ. ಎಷ್ಟೇ ಸರಿಯಾದ ಭಂಗಿಯಾದರೂ ಅದರಲ್ಲೇ ಕದಲದೆ ಕೂತರೆ ನೋವು ತಪ್ಪದು. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಬೇಕು.

ಕೀಲಿಮಣೆಯ ಮೇಲೆ ನೀರೋ ಬೇರೆ ಪಾನೀಯವೋ ಚೆಲ್ಲಿದಾಗ ಕಡತ ಉಳಿಸಲು ಹೋಗಬಾರದು. ಮೊದಲು ಚಾರ್ಜರ್ ಕೀಳಬೇಕು, ಪವರ್ ಗುಂಡಿಯನ್ನು ಹತ್ತು ಸೆಕೆಂಡಿನಷ್ಟು ಒತ್ತಿ ಹಿಡಿದು ಆರಿಸಬೇಕು, ಪರದೆಯನ್ನು ತೆರೆದಂತೆಯೇ ಯಂತ್ರವನ್ನು ಬೋರಲು ಮಾಡಿ ಗುಡಾರದಂತೆ ನಿಲ್ಲಿಸಬೇಕು. ಸರ್ಕ್ಯೂಟನ್ನು ಕೊಲ್ಲುವುದು ನೀರಿಗಿಂತ ಹೆಚ್ಚಾಗಿ ನೀರಿನೊಳಗೆ ಹರಿಯುವ ವಿದ್ಯುತ್ತು. ತಂತಿಗಳು ಕೆಲವೇ ನಿಮಿಷಗಳಲ್ಲಿ ಕಿಲುಬುಗಟ್ಟಲು ಅದು ಸಾಕು. ಅಕ್ಕಿಯಲ್ಲಿ ಹುಗಿಯುವುದರಿಂದ ಪ್ರಯೋಜನವಿಲ್ಲ, ಹೇರ್ ಡ್ರೈಯರಿನ ಬಿಸಿಗಾಳಿ ತೇವವನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ಸಕ್ಕರೆಯೋ ಹಾಲೋ ಇರುವ ಪಾನೀಯವಾದರೆ ಒಣಗಿದ ಮೇಲೂ ಅಂಟು ಉಳಿದು ಹಾನಿ ಮುಂದುವರಿಯುವುದರಿಂದ, ಮತ್ತೆ ಚಾಲೂ ಮಾಡಿ ನೋಡುವ ಮೊದಲು ಬಿಚ್ಚಿಸಿ ಶುಚಿಮಾಡಿಸಬೇಕು.

ಹೊರಗೆ ಒಯ್ಯುವಾಗಿನ ಎಚ್ಚರಗಳಲ್ಲಿ ವಿಮಾನಯಾನದ ನಿಯಮವನ್ನು ತಿಳಿದಿರಬೇಕು. 100 ವ್ಯಾಟ್-ಅವರ್‌ವರೆಗಿನ ಬ್ಯಾಟರಿಯ ಲ್ಯಾಪ್‌ಟಾಪನ್ನು ವಿಶೇಷ ಅನುಮತಿಯಿಲ್ಲದೆ ಕೈಚೀಲದಲ್ಲಿ ಒಯ್ಯಬಹುದು, 100ರಿಂದ 160ರವರೆಗೆ ವಿಮಾನಸಂಸ್ಥೆಯ ಒಪ್ಪಿಗೆ ಬೇಕು. ಬಿಡಿ ಬ್ಯಾಟರಿ ಮತ್ತು ಪವರ್ ಬ್ಯಾಂಕುಗಳನ್ನು ಸರಕಿನ ಕೋಣೆಗೆ ಕಳುಹಿಸುವಂತಿಲ್ಲ. ಬ್ಯಾಟರಿಯ ಮೇಲೆ ವೋಲ್ಟ್ ಮತ್ತು ಆಂಪಿಯರ್-ಅವರ್ ಮಾತ್ರ ಬರೆದಿದ್ದರೆ ಎರಡನ್ನೂ ಗುಣಿಸಿದರೆ ವ್ಯಾಟ್-ಅವರ್ ಸಿಗುತ್ತದೆ. ಸಾರ್ವಜನಿಕ ವೈಫೈ ಬಗ್ಗೆ ಹಿಂದಿನಷ್ಟು ಹೆದರಬೇಕಿಲ್ಲ, ಏಕೆಂದರೆ ಈಗ ಬಹುಪಾಲು ತಾಣಗಳು ಎಚ್‌ಟಿಟಿಪಿಎಸ್ ಮೂಲಕ, ಅಂದರೆ ನಡುವಿನವರು ಓದಲಾಗದ ಸಂಕೇತದಲ್ಲಿ, ಮಾತನಾಡುತ್ತವೆ. ಆದರೆ ಬ್ರೌಸರ್ ಪ್ರಮಾಣಪತ್ರದ (ತಾಣ ಅಸಲಿಯೆಂದು ಸಾರುವ ಗುರುತಿನ) ಎಚ್ಚರಿಕೆ ತೋರಿಸಿದರೆ ಅದನ್ನು ದಾಟಿ ಮುಂದುವರಿಯಬಾರದು. ದಾರಿಯಲ್ಲಿ ಸಿಕ್ಕ ಪೆನ್‌ಡ್ರೈವನ್ನು ಸಿಕ್ಕಿಸಿ ನೋಡುವ ಕುತೂಹಲವೂ ಬೇಡ, ಅದು ಕೀಲಿಮಣೆಯ ವೇಷ ಹಾಕಿ ತಾನೇ ಆಜ್ಞೆಗಳನ್ನು ಟೈಪ್ ಮಾಡಬಲ್ಲದು.

ಕೊನೆಗೆ ಯಂತ್ರವನ್ನು ಮಾರುವಾಗಲೋ ಕೊಡುವಾಗಲೋ ಕಡತಗಳನ್ನು ಕಸದಬುಟ್ಟಿಗೆ ಹಾಕಿ ಖಾಲಿ ಮಾಡಿದರೆ ಸಾಲದು. ಅಳಿಸಿದ ಕಡತದ ವಿಳಾಸ ಹೋಗುತ್ತದೆ, ಕಡತ ಬಹಳ ಸಲ ಅಲ್ಲೇ ಉಳಿದಿರುತ್ತದೆ. ಮೊದಲ ದಿನವೇ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದ್ದವರಿಗೆ ಇಲ್ಲಿ ಅದರ ಫಲ ಸಿಗುತ್ತದೆ: ಯಂತ್ರವನ್ನು ಪೂರ್ತಿ ಅಳಿಸುವ ಆಯ್ಕೆಯೊಡನೆ ರೀಸೆಟ್ ಮಾಡಿ ಕೀ ನಾಶವಾಯಿತೆಂದರೆ ಉಳಿದದ್ದನ್ನು ಯಾರೂ ಓದಲಾರರು. ಕೆಟ್ಟ ಯಂತ್ರವನ್ನಾಗಲಿ ಕಳಚಿದ ಬ್ಯಾಟರಿಯನ್ನಾಗಲಿ ಮನೆಯ ಕಸದೊಡನೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಒಪ್ಪಿಸಬೇಕು, ಏಕೆಂದರೆ ಕಸವನ್ನು ಅದುಮಿ ತುಂಬುವ ವಾಹನದ ಒತ್ತಡಕ್ಕೆ ಸಿಕ್ಕಿದ ಸೆಲ್ಲಿನಲ್ಲಿ ಆ ತೆಳು ಹಾಳೆ ಹರಿಯುತ್ತದೆ, ಬೆಂಕಿ ಮೊದಲು ಮುಟ್ಟುವುದು ಆ ವಾಹನದಲ್ಲಿ ಕೆಲಸ ಮಾಡುವವರನ್ನು.